ಮೀನುಗಳ ರುಚಿಗ್ರಾಹಕಗಳು

ಮೀನುಗಳ ರುಚಿಗ್ರಾಹಕಗಳು ನೀರಿನಲ್ಲಿ ಕರಗಿರುವ ಮತ್ತು ಆಹಾರದಿಂದ ಹೊರಬರುವ ರಾಸಾಯನಿಕಗಳನ್ನು ಗುರುತಿಸುವ ಸಂವೇದನಾ ರಚನೆಗಳಾಗಿವೆ. ಬಾಯಿಗೆ ಬಂದ ವಸ್ತುವನ್ನು ನುಂಗಬೇಕೇ ಉಗುಳಬೇಕೇ ಎಂಬ ನಿರ್ಧಾರವು ಬಹುಮಟ್ಟಿಗೆ ಇವುಗಳನ್ನು ಅವಲಂಬಿಸಿದೆ. ಇವು ನೇರವಾಗಿ ನೀರಿನ ಸಂಪರ್ಕದಲ್ಲಿರುವುದರಿಂದ ಜಲಮಾಲಿನ್ಯದಿಂದ ಸುಲಭವಾಗಿ ಹಾನಿಗೊಳಗಾಗುತ್ತವೆ.

ರಚನೆ ಮತ್ತು ಸ್ಥಾನ

ರುಚಿಗ್ರಾಹಕ ಕೋಶಗಳು ರುಚಿಮೊಗ್ಗುಗಳೆಂಬ ಚಿಕ್ಕ ಗುಂಪುಗಳಲ್ಲಿ ಇರುತ್ತವೆ. ಸಸ್ತನಿಗಳಲ್ಲಿ ರುಚಿಮೊಗ್ಗುಗಳು ಬಾಯಿ ಮತ್ತು ಗಂಟಲಿಗೆ ಸೀಮಿತವಾಗಿದ್ದರೆ, ಮೀನುಗಳಲ್ಲಿ ತುಟಿ, ಕಿವಿರುಗಳ ಕಮಾನು ಮತ್ತು ಅನೇಕ ಪ್ರಭೇದಗಳಲ್ಲಿ ಹೊರಚರ್ಮದ ಮೇಲೂ ಕಂಡುಬರುತ್ತವೆ. ಬೆಕ್ಕುಮೀನುಗಳಲ್ಲಿ ಇವು ಮೀಸೆಗಳಲ್ಲಿ ದಟ್ಟವಾಗಿದ್ದು, ಇಡೀ ಮೈಮೇಲೆ ಹರಡಿರುತ್ತವೆ. ಕೆಲವು ಪ್ರಭೇದಗಳಲ್ಲಿ ಇವುಗಳ ಸಂಖ್ಯೆ 1 ಲಕ್ಷವನ್ನು ಮೀರುತ್ತದೆ. ಕೆಸರು ನೀರಿನಲ್ಲಿ ಕಣ್ಣಿಗೆ ಕಾಣದ ಆಹಾರವನ್ನು ಹುಡುಕಲು ಇದು ನೆರವಾಗುತ್ತದೆ. ಹೊರಮೈಯ ರುಚಿಮೊಗ್ಗುಗಳ ಸಂಕೇತಗಳನ್ನು 7ನೆಯ ಕಪಾಲನರವೂ, ಬಾಯಿಯ ಹಿಂಭಾಗ ಮತ್ತು ಗಂಟಲಿನ ಸಂಕೇತಗಳನ್ನು 9 ಮತ್ತು 10ನೆಯ ಕಪಾಲನರಗಳೂ ಮಿದುಳಿಗೆ ಒಯ್ಯುತ್ತವೆ.

ರಾಸಾಯನಿಕಗಳಿಗೆ ಪ್ರತಿಕ್ರಿಯೆ

ಮೀನುಗಳ ರುಚಿಗ್ರಾಹಕಗಳನ್ನು ಪ್ರಚೋದಿಸುವ ಪ್ರಮುಖ ವಸ್ತುಗಳು ಅಮೈನೋ ಆಮ್ಲಗಳು. ಅಲನಿನ್, ಆರ್ಜಿನಿನ್ ಮತ್ತು ಪ್ರೋಲಿನ್‌ಗಳಿಗೆ ಅನೇಕ ಪ್ರಭೇದಗಳು ಪ್ರತಿಕ್ರಿಯಿಸುತ್ತವೆ. ಜೀಬ್ರಾಮೀನು ಮತ್ತು ಮೆಡಾಕಾ ಮೀನುಗಳಲ್ಲಿ ಟಿ1ಆರ್ ಗುಂಪಿನ ಗ್ರಾಹಕ ಪ್ರೋಟೀನುಗಳು ಅಮೈನೋ ಆಮ್ಲಗಳನ್ನೂ, ಟಿ2ಆರ್ ಗುಂಪಿನವು ಕಹಿ ವಸ್ತುಗಳನ್ನೂ ಗುರುತಿಸುತ್ತವೆ. ಮಳೆಬಿಲ್ಲು ಟ್ರೌಟ್ ಮೀನಿನ ರುಚಿಗ್ರಾಹಕಗಳು ಟೆಟ್ರೊಡೊಟಾಕ್ಸಿನ್ ಎಂಬ ವಿಷವನ್ನೂ ಅತ್ಯಲ್ಪ ಪ್ರಮಾಣದಲ್ಲಿಯೇ ಪತ್ತೆಹಚ್ಚುತ್ತವೆ. ವಿಷಯುಕ್ತ ಆಹಾರವನ್ನು ನುಂಗುವ ಮೊದಲೇ ತಿರಸ್ಕರಿಸಲು ಇಂತಹ ಸಾಮರ್ಥ್ಯ ಉಪಯುಕ್ತವಾಗಿರಬಹುದು.

ಮಾಲಿನ್ಯಕಾರಕಗಳ ಪರಿಣಾಮ

ಮಾಲಿನ್ಯಕಾರಕಗಳು ಎರಡು ಬಗೆಯಲ್ಲಿ ಹಾನಿಯುಂಟುಮಾಡುತ್ತವೆ. ಮೊದಲನೆಯದು ರುಚಿಮೊಗ್ಗುಗಳ ನಾಶ. ಉತ್ತರ ಅಮೆರಿಕದ ಹಳದಿ ಬುಲ್‌ಹೆಡ್ ಎಂಬ ಬೆಕ್ಕುಮೀನಿನ ಬಗ್ಗೆ 1965ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಶಲಕ್ಷಕ್ಕೆ 0.5 ಭಾಗದಷ್ಟು ಮಾರ್ಜಕವಿದ್ದ ನೀರಿನಲ್ಲಿಯೂ ರುಚಿಮೊಗ್ಗುಗಳು ಸವೆದುದು ಕಂಡುಬಂದಿತು. ಎರಡನೆಯದು ಗ್ರಾಹಕಗಳ ಕಾರ್ಯಕ್ಕೆ ಉಂಟಾಗುವ ಅಡ್ಡಿ. ಪಾದರಸದಂತಹ ಭಾರಲೋಹಗಳ ಅಯಾನುಗಳು ಕೋಶಗಳು ನಾಶವಾಗದಿದ್ದಾಗಲೂ ರುಚಿ ಪ್ರತಿಕ್ರಿಯೆಯನ್ನು ಕುಗ್ಗಿಸಬಲ್ಲವು.

ನೀರಿನ ಆಮ್ಲೀಯತೆಯೂ ಮುಖ್ಯವಾದುದು. ಜಪಾನಿನ ಕಡಲ ಬೆಕ್ಕುಮೀನು ಪ್ಲೊಟೋಸಸ್ ಜಪೋನಿಕಸ್, ಮರಳಿನಲ್ಲಿ ಅಡಗಿರುವ ಹುಳುಗಳ ಉಸಿರಾಟದಿಂದಾಗುವ ಪಿಎಚ್ ಇಳಿಕೆಯನ್ನು ತನ್ನ ಮೀಸೆಗಳ ಗ್ರಾಹಕಗಳಿಂದ ಗುರುತಿಸಿ ಬೇಟೆಯಾಡುತ್ತದೆ ಎಂದು 2014ರಲ್ಲಿ ವರದಿಯಾಯಿತು. ಈ ಇಳಿಕೆ 0.1ಕ್ಕಿಂತ ಕಡಿಮೆಯಿದ್ದರೂ ಅದಕ್ಕೆ ತಿಳಿಯುತ್ತದೆ. ಆದರೆ ಸುತ್ತಲಿನ ನೀರಿನ ಪಿಎಚ್ 8.0ಕ್ಕಿಂತ ಕೆಳಗಿಳಿದಾಗ ಈ ಸಂವೇದನೆ ಬಹಳವಾಗಿ ಕುಗ್ಗುತ್ತದೆ. ಆದ್ದರಿಂದ ಸಾಗರಗಳ ಆಮ್ಲೀಕರಣವು ಇಂತಹ ಮೀನುಗಳ ಆಹಾರಾನ್ವೇಷಣೆಗೆ ತೊಡಕಾಗಬಹುದು.

ಮಹತ್ವ

ಮಾಲಿನ್ಯದ ತೀವ್ರತೆಯನ್ನು ಸತ್ತ ಮೀನುಗಳ ಸಂಖ್ಯೆಯಿಂದ ಮಾತ್ರ ಅಳೆಯುವುದು ಸಾಕಾಗುವುದಿಲ್ಲ. ಮಾರಕವಲ್ಲದ ಪ್ರಮಾಣದ ಮಾಲಿನ್ಯಕಾರಕವೂ ರುಚಿಗ್ರಾಹಕಗಳನ್ನು ಕೆಡಿಸಿದರೆ, ಆಹಾರವನ್ನು ಪತ್ತೆಹಚ್ಚಲಾಗದೆ ಮೀನಿನ ಬೆಳವಣಿಗೆ ಕುಂಠಿತವಾಗಬಹುದು. ರುಚಿಮೊಗ್ಗುಗಳ ಕೋಶಗಳು ನಿರಂತರವಾಗಿ ಹೊಸದಾಗಿ ಹುಟ್ಟುತ್ತವೆಯಾದರೂ, ಮಾಲಿನ್ಯವು ಮುಂದುವರಿದಲ್ಲಿ ಹೊಸ ಕೋಶಗಳೂ ಅದೇ ಹಾನಿಗೆ ಒಡ್ಡಿಕೊಳ್ಳುತ್ತವೆ.