ಹೊಂಗೆ ಎಣ್ಣೆ ಡೀಸೆಲ್ ಆದ ಕತೆ: ಪ್ಯಾರಿಸ್‌ನಿಂದ ಮಡೆನೂರಿನವರೆಗೆ

ಹೊಂಗೆ ಮರ ಇಲ್ಲದ ಊರು ನಮ್ಮ ಬಯಲುಸೀಮೆಯಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಸೊಪ್ಪು ಗದ್ದೆಗೆ, ಹಿಂಡಿ ತೋಟಕ್ಕೆ, ಎಣ್ಣೆ ದೀಪಕ್ಕೆ. ಹಳಬರಿಗೆ ಇಷ್ಟು ಗೊತ್ತಿತ್ತು. ಅದೇ ಎಣ್ಣೆಯಿಂದ ಪಂಪ್‌ಸೆಟ್ಟು, ಟ್ರ್ಯಾಕ್ಟರ್ ಓಡಿಸಬಹುದು ಎನ್ನುವುದನ್ನು ನೀವೂ ಕೇಳಿರುತ್ತೀರಿ. ಆದರೆ ಈ ವಿದ್ಯೆ ಎಲ್ಲಿ ಹುಟ್ಟಿತು, ನಮ್ಮ ತನಕ ಹೇಗೆ ಬಂತು, ಬಂದದ್ದು ಅರ್ಧದಲ್ಲೇ ಯಾಕೆ ನಿಂತಿತು? ಈ ಕತೆಯಲ್ಲಿ ದೊಡ್ಡ ಕಂಪನಿಗಳಿಗಿಂತ ಮೇಷ್ಟ್ರುಗಳು, ಕಾಲೇಜು ಹುಡುಗರು, ಹಳ್ಳಿಯ ಹೆಣ್ಣುಮಕ್ಕಳೇ ಹೆಚ್ಚು ಕಾಣುತ್ತಾರೆ.

ಮೊದಲು ಓಡಿದ್ದು ಕಡಲೆಕಾಯಿ ಎಣ್ಣೆಯಲ್ಲಿ

ಜರ್ಮನಿಯ ರುಡಾಲ್ಫ್ ಡೀಸೆಲ್ ತನ್ನ ಎಂಜಿನ್ ಅನ್ನು 1897ರಲ್ಲಿ ಸರಿಯಾಗಿ ಓಡಿಸಿ ತೋರಿಸಿದ. 1900ರಲ್ಲಿ ಪ್ಯಾರಿಸ್‌ನ ದೊಡ್ಡ ವಸ್ತುಪ್ರದರ್ಶನದಲ್ಲಿ ಒಂದು ಸಣ್ಣ ಡೀಸೆಲ್ ಎಂಜಿನ್ ಕಡಲೆಕಾಯಿ ಎಣ್ಣೆ ಕುಡಿದು ಓಡಿತು. ಆಫ್ರಿಕಾದ ತನ್ನ ವಸಾಹತುಗಳಲ್ಲಿ ಬೆಳೆಯುವ ಕಡಲೆಕಾಯಿಯಿಂದಲೇ ಅಲ್ಲಿ ಯಂತ್ರ ಓಡಿಸಬಹುದೇ ಎಂಬ ಆಸೆ ಫ್ರೆಂಚ್ ಸರ್ಕಾರಕ್ಕಿತ್ತು. ಗಿಡದೆಣ್ಣೆಗೆ ಮುಂದೆ ಒಳ್ಳೆಯ ಕಾಲ ಬರಬಹುದು ಎಂದು ಡೀಸೆಲ್ 1912ರಲ್ಲೂ ಹೇಳಿದ್ದ. ಮರುವರ್ಷ ಇಂಗ್ಲೆಂಡಿಗೆ ಹೊರಟ ಹಡಗಿನಿಂದ ಸಮುದ್ರದ ಪಾಲಾದ. ಅಷ್ಟರಲ್ಲಿ ನೆಲದಡಿಯ ಎಣ್ಣೆ ಅಗ್ಗವಾಗಿತ್ತು. ಎಂಜಿನ್‌ಗಳನ್ನೂ ಅದಕ್ಕೆ ತಕ್ಕಂತೆಯೇ ಕಟ್ಟಿದರು.

ಗಿಡದೆಣ್ಣೆಯ ದೊಡ್ಡ ತೊಡಕು ಅದರ ಮಂದ. ಡೀಸೆಲ್‌ಗಿಂತ ಹತ್ತು ಪಟ್ಟು ಮಂದವಾದ ಎಣ್ಣೆ ಇಂಜೆಕ್ಟರಿನಲ್ಲಿ ಸಣ್ಣಗೆ ಸಿಡಿಯುವುದಿಲ್ಲ. ಅರೆಬೆಂದು ಮಸಿ ಕಟ್ಟುತ್ತದೆ. ಇದಕ್ಕೆ ದಾರಿ ತೋರಿಸಿದವರು ಬೆಲ್ಜಿಯಂನ ಬ್ರಸೆಲ್ಸ್ ವಿಶ್ವವಿದ್ಯಾಲಯದ ಷವಾನ್. ಎಣ್ಣೆಗೆ ಆಲ್ಕೊಹಾಲ್ ಸೇರಿಸಿ ಗ್ಲಿಸರಿನ್ ಬೇರ್ಪಡಿಸಿದರೆ ಉಳಿಯುವುದು ತೆಳುವಾದ ಇಂಧನ. ಅದನ್ನೇ ಇಂದು ಬಯೋಡೀಸೆಲ್ ಎನ್ನುತ್ತೇವೆ. 1937ರಲ್ಲಿ ಅವರಿಗೆ ಪೇಟೆಂಟ್ ಸಿಕ್ಕಿತು. 1938ರಲ್ಲಿ ಬ್ರಸೆಲ್ಸ್‌ನಿಂದ ಲೂವೆನ್‌ಗೆ ತಾಳೆ ಎಣ್ಣೆಯ ಇಂಧನದಲ್ಲಿ ಬಸ್ಸೇ ಓಡಿತು. ಆಮೇಲೆ ಯುದ್ಧ ಬಂತು, ವಿಷಯ ಮರೆತುಹೋಯಿತು.

ಹುಡುಗರು ಬಸ್ಸು ಹತ್ತಿದರು

1973ರಲ್ಲಿ ಕಚ್ಚಾ ತೈಲದ ಬೆಲೆ ಒಮ್ಮೆಲೇ ಏರಿದಾಗ ಜಗತ್ತಿಗೆ ಮತ್ತೆ ಗಿಡದೆಣ್ಣೆಯ ನೆನಪಾಯಿತು. 1980ರ ದಶಕದಲ್ಲಿ ಆಸ್ಟ್ರಿಯಾದ ಮೊದಲ ಪ್ರಾಯೋಗಿಕ ಬಯೋಡೀಸೆಲ್ ಘಟಕ ಶುರುವಾದದ್ದು ಸಿಲ್ಬರ್‌ಬರ್ಗ್ ಎಂಬಲ್ಲಿನ ಕೃಷಿ ಶಾಲೆಯಲ್ಲಿ. ರೈತರ ಮಕ್ಕಳು ಓದುವ ಜಾಗವೇ ಇಂಧನ ತಯಾರಿಸುವ ಜಾಗವೂ ಆಯಿತು.

1997ರಲ್ಲಿ ಜೋಶುವಾ ಟಿಕೆಲ್ ಎಂಬ ಅಮೆರಿಕದ ಯುವಕ ಸೂರ್ಯಕಾಂತಿ ಚಿತ್ರ ಬಳಿದ ವ್ಯಾನ್ ಹತ್ತಿ ದೇಶ ಸುತ್ತಿದ. ಹೋಟೆಲುಗಳಲ್ಲಿ ಕರಿದು ಬಿಟ್ಟ ಎಣ್ಣೆಯನ್ನು ಬೇಡಿ ತಂದು, ವ್ಯಾನಿನ ಹಿಂದೆ ಕಟ್ಟಿಕೊಂಡ ಪುಟ್ಟ ಯಂತ್ರದಲ್ಲಿ ಬಯೋಡೀಸೆಲ್ ಮಾಡಿ ಅದರಲ್ಲೇ ಮುಂದಿನ ಊರಿಗೆ ಹೋಗುತ್ತಿದ್ದ. 2005ರಲ್ಲಿ ಡಾರ್ಟ್‌ಮತ್ ಕಾಲೇಜಿನ ವಿದ್ಯಾರ್ಥಿಗಳು ಹಳೇ ಶಾಲಾ ಬಸ್ಸೊಂದನ್ನು ಕರಿದೆಣ್ಣೆಗೆ ಹೊಂದಿಸಿ ಬೇಸಿಗೆ ರಜೆಯಲ್ಲಿ ಊರೂರು ಸುತ್ತಿ ಜನಕ್ಕೆ ವಿವರಿಸಿದರು. ಪಾಠ ಕೋಣೆ ಬಿಟ್ಟು ಗಾಲಿ ಮೇಲೆ ಬಂತು.

ಇಂಥ ಓಡಾಡುವ ಪ್ರಯೋಗಾಲಯಕ್ಕೆ ಬೇಕಾದ ಸಾಮಾನು ಕಡಿಮೆ. ಸೋಸುವ ಬಟ್ಟೆ, ಸುಮಾರು 60 ಡಿಗ್ರಿ ಬಿಸಿ ಹಿಡಿಯುವ ಪಾತ್ರೆ, ತಕ್ಕಡಿ, ಗಾಜಿನ ಕೊಳವೆ, ಕಾಸ್ಟಿಕ್ ಸೋಡಾ, ಮೆಥನಾಲ್. ಮೊದಲ ಕೆಲಸ ಎಣ್ಣೆಯ ಹುಳಿ ಅಳೆಯುವುದು. ಹುಳಿ ಜಾಸ್ತಿ ಇದ್ದರೆ ಇಂಧನದ ಬದಲು ಸಾಬೂನು ಆಗುತ್ತದೆ. ಕೊನೆಯಲ್ಲಿ ಒಂದು ಸುಲಭ ಪರೀಕ್ಷೆ ಇದೆ: 27 ಮಿ.ಲೀ. ಮೆಥನಾಲ್‌ಗೆ 3 ಮಿ.ಲೀ. ಬಯೋಡೀಸೆಲ್ ಹಾಕಿ ಕಲಕಬೇಕು. ತಳದಲ್ಲಿ ಎಣ್ಣೆ ಕೂತರೆ ಕೆಲಸ ಪೂರ್ತಿ ಆಗಿಲ್ಲ ಎಂದರ್ಥ. ಆದರೆ ಮೆಥನಾಲ್ ವಿಷ, ಬೇಗ ಬೆಂಕಿ ಹತ್ತುತ್ತದೆ. ತಿಳಿದವರು ಪಕ್ಕದಲ್ಲಿ ಇಲ್ಲದೆ ಮನೆಯಲ್ಲಿ ಮಾಡಲು ಹೋಗಬೇಡಿ.

ನಮ್ಮ ಕಡೆ ಏನಾಯಿತು?

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಉಡುಪಿ ಶ್ರೀನಿವಾಸ ಅವರ ತಂಡ ‘ಸೂತ್ರ’ ಎಂಬ ಯೋಜನೆಯಡಿ ಕಗ್ಗನಹಳ್ಳಿಯಲ್ಲಿ ಹೊಂಗೆ ಎಣ್ಣೆಯಿಂದಲೇ ಜನರೇಟರ್ ಓಡಿಸಿ ಬೋರ್‌ವೆಲ್ ನೀರು ಎತ್ತಿಸಿತು. ಮಳೆ ನಂಬಿದ್ದ ಊರಿಗೆ ನೀರಾವರಿ ಬಂತು. ಆಗಿನ ಆಂಧ್ರದ ಆದಿಲಾಬಾದ್ ಜಿಲ್ಲೆಯ ಪವರ್‌ಗುಡದ ಹೆಣ್ಣುಮಕ್ಕಳ ಸಂಘಗಳು ಹೊಂಗೆ ಎಣ್ಣೆಯಿಂದ ಉಳಿದ 147 ಟನ್ ಇಂಗಾಲದ ಲೆಕ್ಕಕ್ಕೆ 2003ರಲ್ಲಿ ವಿಶ್ವ ಬ್ಯಾಂಕಿನಿಂದ 645 ಡಾಲರ್ ಪಡೆದರು.

ಅದೇ 2003ರಲ್ಲಿ ದೆಹಲಿ ಹಿಡಿದದ್ದು ಬೇರೆ ದಾರಿ: ಜಟ್ರೋಫಾ. ಬರಡು ನೆಲದಲ್ಲಿ ನೀರಿಲ್ಲದೆ ಬೆಳೆಯುತ್ತದೆ ಎಂದು ಲಕ್ಷಾಂತರ ಹೆಕ್ಟೇರ್ ಲೆಕ್ಕ ಹಾಕಿದರು. ಗಿಡ ಬೆಳೆಯಿತು, ಹೇಳಿದಷ್ಟು ಬೀಜ ಬಿಡಲಿಲ್ಲ. 2017ರ ಹೊತ್ತಿಗೆ ಡೀಸೆಲ್‌ನಲ್ಲಿ ಶೇ 20 ಬೆರೆಸುವ ಗುರಿ ಇತ್ತು. 2018ರ ನೀತಿಯಲ್ಲಿ ಅದು 2030ಕ್ಕೆ ಶೇ 5 ಆಯಿತು.

ಕರ್ನಾಟಕ ಹೊಂಗೆ, ಬೇವು, ಹಿಪ್ಪೆಗಳನ್ನು ಬಿಡಲಿಲ್ಲ. ಹಾಸನದ ಹತ್ತಿರ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಪಾರ್ಕ್ ಬಂತು. ರಾಜ್ಯಕ್ಕೆ ಪ್ರತ್ಯೇಕ ಮಂಡಳಿ ಆಯಿತು. ಬದು, ಬೇಲಿ, ರಸ್ತೆ ಬದಿಗೆ ಸಸಿ ಹೋದವು. ತುಮಕೂರಿನ ಸಿದ್ಧಗಂಗಾ ಎಂಜಿನಿಯರಿಂಗ್ ಕಾಲೇಜಿನಂಥ ಕಡೆ ಪ್ರಾತ್ಯಕ್ಷಿಕೆ ಕೇಂದ್ರಗಳು ತೆರೆದು ವಿದ್ಯಾರ್ಥಿಗಳು ಕೈಯಾರೆ ಇಂಧನ ಮಾಡಿದರು.

ತೊಡಕು ಎಲ್ಲಿ?

ಲೆಕ್ಕ ನೋಡಿ. ಒಂದು ಲೀಟರ್ ಎಣ್ಣೆಗೆ ಸುಮಾರು ನಾಲ್ಕು ಕಿಲೋ ಹೊಂಗೆ ಬೀಜ ಬೇಕು. ಆರಿಸುವವರು, ಕಾಯಿ ಒಡೆಯುವವರು ಹೆಚ್ಚಾಗಿ ಹೆಣ್ಣುಮಕ್ಕಳು. ಬೀಜಕ್ಕೆ ಕಿಲೋಗೆ 20 ರೂಪಾಯಿ ಕೊಟ್ಟರೂ ಲೀಟರಿಗೆ 80 ಅಲ್ಲೇ ಆಯಿತು. ಗಾಣ, ಮೆಥನಾಲ್, ಸಾಗಣೆ ಬೇರೆ. ಹಿಂಡಿ, ಗ್ಲಿಸರಿನ್ ಮಾರಿದರೆ ಒಂದಿಷ್ಟು ವಾಪಸ್. ಬೀಜದ ಬೆಲೆ ಇಳಿಸಿದರೆ ಆರಿಸುವವರಿಗೆ ಕೂಲಿ ಗಿಟ್ಟದು, ಏರಿಸಿದರೆ ಡೀಸೆಲ್ಲೇ ಅಗ್ಗ. ಇಡೀ ಯೋಜನೆ ಈ ಸಂದಿಯಲ್ಲೇ ಸಿಕ್ಕಿಕೊಂಡಿದೆ.

ಇನ್ನೊಂದು ನಷ್ಟ ಕಣ್ಣಿಗೆ ಕಾಣದು. ತೇವದಲ್ಲಿ ಗುಡ್ಡೆ ಹಾಕಿದ ಬೀಜದ ಎಣ್ಣೆಯಲ್ಲಿ ಹುಳಿ ಏರುತ್ತದೆ. ಒಣಗಿಸಿಟ್ಟ ಬೀಜಕ್ಕೂ ಅದಕ್ಕೂ ಸಂತೆಯಲ್ಲಿ ಒಂದೇ ಬೆಲೆಯಾದರೆ ಚೆನ್ನಾಗಿ ಒಣಗಿಸಿದವರಿಗೇ ನಷ್ಟ. ಅಳೆಯುವ ಸಾಧನ ಕೊಳ್ಳುವವನ ಬಳಿ ಮಾತ್ರ ಇದ್ದರೆ ಅವನು ಹೇಳಿದ್ದೇ ದರ. ಕಾಲೇಜಿನ ಒಂದು ವ್ಯಾನ್ ಸುಗ್ಗಿ ಕಾಲದಲ್ಲಿ ಸಂತೆ ಮೈದಾನದಲ್ಲಿ ನಿಂತು ಎಣ್ಣೆಯ ಅಂಶ, ಹುಳಿ ಎರಡನ್ನೂ ಎಲ್ಲರೆದುರು ಅಳೆದು ಚೀಟಿ ಕೊಟ್ಟರೆ, ಬೆಲೆ ಕೇಳಲು ಮಾರುವವರ ಕೈಯಲ್ಲೂ ಒಂದು ಆಧಾರ ಇರುತ್ತದೆ. ಹಾಲಿನ ಡೇರಿಯಲ್ಲಿ ಫ್ಯಾಟ್ ನೋಡಿ ದರ ಕೊಡುವುದನ್ನು ನಾವು ಒಪ್ಪಿಕೊಂಡು ಎಷ್ಟೋ ವರ್ಷವಾಯಿತು. ಹೊಂಗೆ ಬೀಜಕ್ಕೂ ಅಂಥದೇ ಒಂದು ಅಳತೆ ಬೇಕು ಎಂದು ನಿಮ್ಮ ಹತ್ತಿರದ ಕೃಷಿ, ಎಂಜಿನಿಯರಿಂಗ್ ಕಾಲೇಜಿನವರನ್ನು ಕೇಳಿ. ಅಲ್ಲಿಯ ತನಕ ಬೀಜವನ್ನು ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ, ನೆಲಕ್ಕೆ ತಾಗದಂತೆ ಇಡಿ.