ಬೆನೆಡಿಕ್ಟ್ ದ್ರಾವಣದ ಕಾಲ

ಒಂದು ಲೀಟರಿಗೆ 173 ಗ್ರಾಂ ಸೋಡಿಯಂ ಸಿಟ್ರೇಟ್, 100 ಗ್ರಾಂ ಸೋಡಿಯಂ ಕಾರ್ಬೊನೇಟ್, 17.3 ಗ್ರಾಂ ಮೈಲುತುತ್ತ. ನಾನು ಸರ್ಕಾರಿ ಆಸ್ಪತ್ರೆಯ ಲ್ಯಾಬಿಗೆ ಸೇರಿದಾಗ ಹಿರಿಯ ಟೆಕ್ನಿಷಿಯನ್ ಮೊದಲು ಬಾಯಿಪಾಠ ಮಾಡಿಸಿದ ಲೆಕ್ಕ ಇದು. ಮೈಲುತುತ್ತವನ್ನು ಬೇರೆಯಾಗಿ ಕರಗಿಸಿಕೊಂಡು, ಕೊನೆಯಲ್ಲಿ ಕದಡುತ್ತಾ ನಿಧಾನಕ್ಕೆ ಸುರಿಯಬೇಕು. ಹಾಗೆ ತಯಾರಾಗುವ ನೀಲಿ ನೀರೇ ಬೆನೆಡಿಕ್ಟ್ ದ್ರಾವಣ. ಅಮೆರಿಕದ ರಸಾಯನಶಾಸ್ತ್ರಜ್ಞ ಸ್ಟಾನ್ಲಿ ಬೆನೆಡಿಕ್ಟ್ 1908ರ ಸುಮಾರಿಗೆ ರೂಪಿಸಿದ ಇದು ದಶಕಗಳ ಕಾಲ ನಮ್ಮ ಊರುಗಳ ಸಕ್ಕರೆ ಕಾಯಿಲೆಯನ್ನು ಅಳೆದಿದೆ.

ಅಳೆಯುವ ಕ್ರಮ ಸರಳ. ಗಾಜಿನ ಟ್ಯೂಬಿಗೆ ಐದು ಎಂ.ಎಲ್. ದ್ರಾವಣ, ಅದಕ್ಕೆ ಎಂಟು ಹನಿ ಮೂತ್ರ. ಟ್ಯೂಬನ್ನು ಓರೆಯಾಗಿ ಹಿಡಿದು, ಬಾಯಿಯನ್ನು ಯಾರ ಮುಖದ ಕಡೆಗೂ ತಿರುಗಿಸದೆ, ಸ್ಪಿರಿಟ್ ದೀಪದ ಮೇಲೆ ಅಲ್ಲಾಡಿಸುತ್ತಾ ಕುದಿಸಬೇಕು. ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರಾದರೆ ಸ್ವಲ್ಪ, ಹಳದಿಯಾದರೆ ಇನ್ನಷ್ಟು, ಆಮೇಲೆ ಕಿತ್ತಳೆ; ಇಟ್ಟಿಗೆ ಕೆಂಪಿಗೆ ತಿರುಗಿದರೆ ನೂರಕ್ಕೆ ಎರಡು ಭಾಗ, ಅಥವಾ ಅದಕ್ಕೂ ಹೆಚ್ಚು. ಬಣ್ಣ ತಿರುಗುವಾಗ ರೋಗಿಯನ್ನು ಹತ್ತಿರ ಕರೆದು ತೋರಿಸುತ್ತಿದ್ದೆ. ಒಮ್ಮೆ ರೈತರೊಬ್ಬರು ಕೆಂಪು ಗಸಿ ಕೂತಿದ್ದ ಟ್ಯೂಬನ್ನು ಕಿಟಕಿಯ ಬೆಳಕಿಗೆ ಹಿಡಿದು, "ಇದು ನನ್ನ ಮೈಯೊಳಗಿಂದ ಬಂದದ್ದಾ ಸಾರ್?" ಎಂದು ಮತ್ತೆ ಮತ್ತೆ ಕೇಳಿದರು. ವೈದ್ಯರ ಮಾತಿಗಿಂತ ಆ ಬಣ್ಣವೇ ಅವರಿಗೆ ನಾಟಿತು. ಚೀಟಿಯ ಮೇಲಿನ ಅಂಕಿಗೆ ಆ ಶಕ್ತಿ ಇದೆಯೆಂದು ನನಗೆ ಇಂದಿಗೂ ಅನ್ನಿಸಿಲ್ಲ.

ಇಂಥ ರಾಸಾಯನಿಕ ಪರೀಕ್ಷೆಗಳು ಬರುವ ಮೊದಲು ನಾಲಿಗೆ ಮತ್ತು ಇರುವೆಗಳೇ ಸಾಕ್ಷಿ. ಮೂತ್ರಕ್ಕೆ ಇರುವೆ ಮುತ್ತುವುದನ್ನು ನಮ್ಮ ಹಳೆಯ ವೈದ್ಯರು ಗಮನಿಸಿ ಮಧುಮೇಹ ಎಂದು ಕರೆದರು. 1776ರಲ್ಲಿ ಲಿವರ್‌ಪೂಲಿನ ಮ್ಯಾಥ್ಯೂ ಡಾಬ್ಸನ್ ಮೂತ್ರವನ್ನು ಬತ್ತಿಸಿ, ಉಳಿದ ಬಿಳಿ ಗಟ್ಟಿಯನ್ನು ರುಚಿ ನೋಡಿ, ಅದು ಸಕ್ಕರೆ ಎಂದು ಬರೆದರು. ಕಾಯಿಲೆ ಗೊತ್ತಾದರೂ ಮದ್ದಿರಲಿಲ್ಲ. ಮಕ್ಕಳಿಗೆ ಬಂದರೆ ಉಪವಾಸ ಕೆಡವಿ ಕೆಲ ದಿನ ಉಳಿಸಿಕೊಳ್ಳುವುದಷ್ಟೇ ಸಾಧ್ಯವಿತ್ತು. 1922ರ ಜನವರಿ 11ರಂದು ಟೊರಾಂಟೊದಲ್ಲಿ ಬಾಲಕ ಲೆನರ್ಡ್ ಥಾಂಪ್ಸನ್‌ಗೆ ಇನ್ಸುಲಿನ್ ಚುಚ್ಚಿದರು. ಮೊದಲ ಚುಚ್ಚುಮದ್ದು ಸರಿಯಾಗಿ ಒಗ್ಗಲಿಲ್ಲ. ಅಲ್ಲಿನ ಸಂಶೋಧಕ ಕಾಲಿಪ್ ಶುದ್ಧೀಕರಿಸಿಕೊಟ್ಟ ಮದ್ದನ್ನು ಅದೇ ತಿಂಗಳು ಕೊಟ್ಟಾಗ ಹುಡುಗ ಚೇತರಿಸಿಕೊಂಡ. ಅಲ್ಲಿಂದ ಮುಂದೆ ಟ್ಯೂಬಿನ ಬಣ್ಣಕ್ಕೆ ಹೊಸ ಬೆಲೆ ಬಂತು. ಎಷ್ಟು ಯೂನಿಟ್ ಹಾಕಬೇಕೆಂದು ಬಣ್ಣ ನೋಡಿಯೇ ತೀರ್ಮಾನಿಸುತ್ತಿದ್ದರು.

ಆದರೆ ನೀಲಿಯನ್ನು ನಂಬಿ ಕೆಟ್ಟವರನ್ನೂ ಕಂಡಿದ್ದೇನೆ. ಕೆರೆ ತುಂಬಿ ಕೋಡಿ ಬಿದ್ದ ಮೇಲಷ್ಟೇ ನೀರು ಹೊರಗೆ ಹರಿಯುವಂತೆ, ರಕ್ತದ ಸಕ್ಕರೆ ಡೆಸಿಲೀಟರಿಗೆ ಸುಮಾರು 180 ಮಿಲಿಗ್ರಾಂ ದಾಟಿದ ಮೇಲೆಯೇ ಮೂತ್ರಕ್ಕೆ ಇಳಿಯುತ್ತದೆ. ವಯಸ್ಸಾದವರಲ್ಲಿ, ಬಹಳ ವರ್ಷದ ಕಾಯಿಲೆಯವರಲ್ಲಿ ಆ ಕೋಡಿ ಇನ್ನೂ ಮೇಲೇರಿರುತ್ತದೆ. ಟ್ಯೂಬು ನೀಲಿ, ರಕ್ತದಲ್ಲಿ ಮಾತ್ರ ಸಕ್ಕರೆ ತುಂಬಿರುತ್ತಿತ್ತು. ಪಾದದ ನರ ಸತ್ತು, ಚಪ್ಪಲಿ ಕಡಿದ ಗಾಯ ನೋಯದೆ ಕೊಳೆತು, ಬೆರಳು ಕಳೆದುಕೊಂಡವರ ಹಳೆಯ ಚೀಟಿಗಳಲ್ಲಿ 'ನಿಲ್' ಎಂದೇ ಇರುತ್ತಿತ್ತು. ಸಕ್ಕರೆ ತೀರಾ ಇಳಿದು ಬೆವೆತು ತಲೆ ಸುತ್ತಿ ಬಿದ್ದವರ ಟ್ಯೂಬೂ ಅದೇ ನೀಲಿ. ಇದು ನನ್ನನ್ನು ತುಂಬಾ ಕಾಡಿದ ಸಂಗತಿ.

ಮೂತ್ರಕ್ಕೆ ಅದ್ದಿ ನೋಡುವ ಸ್ಟ್ರಿಪ್ ಬಂತು, ಆಮೇಲೆ ಬೆರಳು ಚುಚ್ಚುವ ಗ್ಲೂಕೋಮೀಟರ್ ಬಂತು. ನನ್ನ ದೃಷ್ಟಿಯಲ್ಲಿ ಇವೆರಡಕ್ಕಿಂತ ದೊಡ್ಡದು ರಕ್ತಪರೀಕ್ಷೆಯಾದ ಎಚ್‌ಬಿ ಎ1ಸಿ. ಮಧುಮೇಹಿಗಳಲ್ಲಿ ಸಕ್ಕರೆ ಅಂಟಿದ ಹಿಮೋಗ್ಲೋಬಿನ್ ಹೆಚ್ಚಿರುವುದನ್ನು 1968ರಲ್ಲಿ ಇರಾನಿನ ಸ್ಯಾಮ್ಯುಯೆಲ್ ರಾಹ್ಬರ್ ಗುರುತಿಸಿದ್ದರ ಫಲ ಅದು. ಕೆಂಪು ರಕ್ತಕಣ ಸುಮಾರು 120 ದಿನ ಬದುಕುವುದರಿಂದ ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ಅದರಲ್ಲಿ ಸಿಗುತ್ತದೆ. ಟೆಸ್ಟಿನ ಹಿಂದಿನ ರಾತ್ರಿ ಮುದ್ದೆ, ಅನ್ನ ಬಿಟ್ಟು ಬರೀ ಮಜ್ಜಿಗೆ ಕುಡಿದು ಬರುವವರು ನನ್ನ ಕಾಲದಲ್ಲಿ ಬೇಕಾದಷ್ಟಿದ್ದರು. ಆ ಒಂದು ರಾತ್ರಿಯ ಪಥ್ಯದಿಂದ ಟ್ಯೂಬನ್ನು ನೀಲಿ ಮಾಡಬಹುದಿತ್ತು. ಮೂರು ತಿಂಗಳ ಲೆಕ್ಕ ಅದಕ್ಕೆ ಜಗ್ಗುವುದಿಲ್ಲ.