ಫಿಸಿಕಲ್ ಥೆರಪಿಸ್ಟ್ ಅಸಿಸ್ಟೆಂಟ್ ಶಿಕ್ಷಣ

ಅಮೆರಿಕದಲ್ಲಿ ಫಿಸಿಕಲ್ ಥೆರಪಿಸ್ಟ್ ಅಸಿಸ್ಟೆಂಟ್, ಚಿಕ್ಕದಾಗಿ ಪಿಟಿಎ, ಎಂದರೆ ಫಿಸಿಕಲ್ ಥೆರಪಿಸ್ಟರ ನಿರ್ದೇಶನದಲ್ಲಿ ರೋಗಿಗಳಿಗೆ ಚಿಕಿತ್ಸೆ ಕೊಡುವ, ಅದಕ್ಕೆಂದೇ ಓದಿ ಪರೀಕ್ಷೆ ಪಾಸು ಮಾಡಿ ರಾಜ್ಯದ ಮನ್ನಣೆ ಪಡೆದ ಆರೋಗ್ಯ ಕಾರ್ಯಕರ್ತ. ಅಲ್ಲಿ ಫಿಸಿಕಲ್ ಥೆರಪಿಸ್ಟ್ ಎನ್ನುವವರನ್ನೇ ನಾವು ಫಿಸಿಯೋಥೆರಪಿಸ್ಟ್ ಎನ್ನುತ್ತೇವೆ. ರೋಗಿಯನ್ನು ಮೊದಲು ಪರೀಕ್ಷಿಸುವುದು, ತೊಂದರೆ ಏನೆಂದು ತೀರ್ಮಾನಿಸುವುದು, ಎಷ್ಟರಮಟ್ಟಿಗೆ ಗುಣವಾದೀತು ಎಂದು ಅಂದಾಜಿಸುವುದು, ಚಿಕಿತ್ಸಾ ಯೋಜನೆ ಬರೆಯುವುದು ಥೆರಪಿಸ್ಟರ ಹೊಣೆ. ಆ ಯೋಜನೆಯಂತೆ ವ್ಯಾಯಾಮ ಮಾಡಿಸುವುದು, ವಾಕರ್ ಹಿಡಿಸಿ ನಡೆಸುವುದು, ಕೀಲು ಎಷ್ಟು ಬಾಗಿತೆಂದು ಅಳೆದು ದಾಖಲಿಸುವುದು ಪಿಟಿಎ ಪಾಲಿನ ಕೆಲಸ. ಈ ಹಂಚಿಕೆಯನ್ನು ಮೇಲುನೋಟಕ್ಕೆ ಕಂಡವರು, ಪಿಟಿಎ ಓದು ಥೆರಪಿಸ್ಟ್ ಓದಿನದೇ ಕತ್ತರಿಸಿದ ತುಂಡು ಎಂದು ತಿಳಿಯುವುದುಂಟು. ಆದರೆ ವಿದ್ಯಾರ್ಥಿಗಳಿಗೆ ಏನನ್ನು ಕಲಿಸುತ್ತಾರೆ, ಯಾವ ತಪ್ಪಿಗೆ ಫೇಲು ಮಾಡುತ್ತಾರೆ ಎಂಬುದನ್ನು ಗಮನಿಸಿದರೆ ಆ ತಿಳಿವಳಿಕೆ ನಿಲ್ಲುವುದಿಲ್ಲ. ಬೇರೊಬ್ಬರು ಬರೆದ ಯೋಜನೆಯೊಳಗೆ ದುಡಿಯುತ್ತ, ಈ ಕ್ಷಣ ಮುಂದುವರಿಸಬೇಕೆ, ತುಸು ಬದಲಿಸಬೇಕೆ, ನಿಲ್ಲಿಸಿ ಥೆರಪಿಸ್ಟರಿಗೆ ತಿಳಿಸಬೇಕೆ ಎಂದು ತೂಗಿ ನೋಡುವ ವಿವೇಚನೆಯನ್ನು ಬೆಳೆಸುವುದೇ ಈ ಶಿಕ್ಷಣದ ತಿರುಳು.

ಈ ಹುದ್ದೆ ಹುಟ್ಟಿದ್ದು ಕೊರತೆಯಿಂದ. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರ ಆರೈಕೆಗೆ 1918ರ ಸುಮಾರಿನಲ್ಲಿ ಅವಸರದ ತರಬೇತಿ ಪಡೆದ ಹೆಣ್ಣುಮಕ್ಕಳೇ ಅಮೆರಿಕದ ಫಿಸಿಕಲ್ ಥೆರಪಿ ವೃತ್ತಿಗೆ ಬುನಾದಿ. ಆಗ ಅವರನ್ನು ಕರೆಯುತ್ತಿದ್ದುದು ರಿಕನ್‌ಸ್ಟ್ರಕ್ಷನ್ ಏಡ್ ಎಂದು, ಅಂದರೆ ಅವರೇ ವೈದ್ಯರ ಕೈಕೆಳಗಿನ ಸಹಾಯಕಿಯರು. 1921ರಲ್ಲಿ ಮೇರಿ ಮೆಕ್‌ಮಿಲನ್ ಅಧ್ಯಕ್ಷತೆಯಲ್ಲಿ ಅವರು ಸಂಘ ಕಟ್ಟಿಕೊಂಡರು. ಮುಂದೆ ಪೋಲಿಯೊ ಹಾವಳಿ, ಎರಡನೆಯ ಮಹಾಯುದ್ಧ, 1946ರ ಹಿಲ್-ಬರ್ಟನ್ ಕಾಯ್ದೆಯ ನೆರವಿನಿಂದ ಎದ್ದ ಆಸ್ಪತ್ರೆಗಳು, 1965ರಲ್ಲಿ ವೃದ್ಧರಿಗಾಗಿ ಬಂದ ಮೆಡಿಕೇರ್ ವಿಮೆ, ಇವೆಲ್ಲ ಸೇರಿ ಥೆರಪಿಸ್ಟರ ಬೇಡಿಕೆಯನ್ನು ಪೂರೈಕೆಗಿಂತ ಬಹಳ ಮೇಲಕ್ಕೇರಿಸಿದವು. ತರಬೇತಿಯಿಲ್ಲದ ಆಳುಗಳು ಆಗಲೇ ಕ್ಲಿನಿಕ್‌ಗಳಲ್ಲಿ ಕೈಜೋಡಿಸುತ್ತಿದ್ದರು. ಅವರಲ್ಲಿ ಯಾರು ಏನು ಮಾಡಬಹುದು ಎಂಬುದಕ್ಕೆ ಲೆಕ್ಕವಿರಲಿಲ್ಲ. ವೃತ್ತಿಸಂಘವಾದ ಎಪಿಟಿಎ 1967ರಲ್ಲಿ ಪಿಟಿಎ ತರಬೇತಿ ಮತ್ತು ಬಳಕೆಯ ನೀತಿಯನ್ನು ಅಂಗೀಕರಿಸಿತು. ಫ್ಲಾರಿಡಾದ ಮಯಾಮಿ ಡೇಡ್ ಮತ್ತು ಮಿನಿಯಾಪೊಲಿಸ್‌ನ ಸೇಂಟ್ ಮೇರೀಸ್ ಕಾಲೇಜುಗಳು ಮೊದಲ ಕೋರ್ಸುಗಳನ್ನು ತೆರೆದವು. 1969ರಲ್ಲಿ ಮೊದಲ ತಂಡವಾಗಿ 15 ಮಂದಿ ಹೊರಬಂದರು. ಕೋರ್ಸಿನ ಜತೆಜತೆಗೇ ಕೆಲಸದ ಎಲ್ಲೆಯನ್ನೂ ಬರೆದಿಟ್ಟದ್ದು ಈ ಆರಂಭದ ವಿಶೇಷ. ಸುಮ್ಮನೆ ಆಳುಗಳ ಸಂಖ್ಯೆ ಹೆಚ್ಚಿಸುವುದೇ ಗುರಿಯಾಗಿದ್ದರೆ ಕಾಲೇಜು ಬೇಕಿರಲಿಲ್ಲ.

ಇಂದು ಪಿಟಿಎ ಆಗಲು ಕೇಪ್ಟಿ ಎಂಬ ಮಾನ್ಯತಾ ಆಯೋಗ ಒಪ್ಪಿದ ಕಾಲೇಜಿನಲ್ಲಿ ಓದಿ ಸಾಮಾನ್ಯವಾಗಿ ಎರಡು ವರ್ಷದ ಅಸೋಸಿಯೇಟ್ ಪದವಿ ಪಡೆಯಬೇಕು. ಇಂಥ ಕಾಲೇಜುಗಳು ಮುನ್ನೂರಕ್ಕೂ ಹೆಚ್ಚಿದ್ದು, ಬಹಳಷ್ಟು ಕಡಿಮೆ ಶುಲ್ಕದ ಸಮುದಾಯ ಕಾಲೇಜುಗಳು. ಸುಮಾರು ಐದು ಸೆಮಿಸ್ಟರುಗಳ ಓದಿನಲ್ಲಿ ಮುಕ್ಕಾಲು ಪಾಲು ತರಗತಿ ಮತ್ತು ಲ್ಯಾಬು, ಕಾಲು ಪಾಲು ಆಸ್ಪತ್ರೆ, ಕ್ಲಿನಿಕ್, ವೃದ್ಧರ ಆರೈಕೆ ಕೇಂದ್ರಗಳಲ್ಲಿ ಪೂರ್ಣಾವಧಿ ಕೆಲಸ; ಆಯೋಗದ 2016ರ ಮಾನದಂಡ ಇದನ್ನು 520ರಿಂದ 720 ಗಂಟೆ ಎಂದು ನಿಗದಿ ಮಾಡಿತು. ಅಂಗರಚನೆ, ಶರೀರಕ್ರಿಯೆ, ಚಲನೆಯ ವಿಜ್ಞಾನ, ನರ ಮತ್ತು ಹೃದಯದ ಕಾಯಿಲೆಗಳು, ವ್ಯಾಯಾಮ ಚಿಕಿತ್ಸೆ, ದಾಖಲೆ ಬರವಣಿಗೆ, ವೃತ್ತಿಯ ಕಾನೂನು ಎಲ್ಲವೂ ಇದರೊಳಗೇ ಬರಬೇಕು. ಅದೇ ಮಾನದಂಡ ಕಾಲೇಜಿನಿಂದ ಕೇಳಿದ್ದು ಕನಿಷ್ಠ ಶೇಕಡ 60 ವಿದ್ಯಾರ್ಥಿಗಳು ಓದು ಮುಗಿಸುವುದನ್ನು, ಲೈಸೆನ್ಸ್ ಪರೀಕ್ಷೆ ಬರೆದವರಲ್ಲಿ ಕೊನೆಗೆ ಶೇಕಡ 85 ಮಂದಿ ಪಾಸಾಗುವುದನ್ನು. ಥೆರಪಿಸ್ಟ್ ಕೋರ್ಸುಗಳಿಗೆ ಓದು ಮುಗಿಸುವವರ ಮಿತಿ ಶೇಕಡ 80. ಕೆಲಸ, ಸಂಸಾರಗಳ ನಡುವೆ ಓದುವವರು ಸಮುದಾಯ ಕಾಲೇಜಿಗೆ ಹೆಚ್ಚಾಗಿ ಬರುತ್ತಾರೆ ಎಂಬ ಅರಿವು ಈ ಸಡಿಲಿಕೆಯಲ್ಲಿದೆ. ಪರೀಕ್ಷೆಯ ಮಿತಿಯಲ್ಲಿ ಮಾತ್ರ ರಿಯಾಯಿತಿ ಇಲ್ಲ.

ವಿವೇಚನೆಯ ತರಬೇತಿ ಎಂದರೆ ಏನೆಂಬುದು ಲ್ಯಾಬಿನಲ್ಲಿ ಕಾಣುತ್ತದೆ. ಹಾಸಿಗೆಯಿಂದ ಗಾಲಿಕುರ್ಚಿಗೆ ರೋಗಿಯನ್ನು ದಾಟಿಸುವ ಪರೀಕ್ಷೆಯಲ್ಲಿ ಸಹಪಾಠಿಯೇ ರೋಗಿ. ಸೊಂಟಕ್ಕೆ ಬೆಲ್ಟ್ ಕಟ್ಟಿದ ರೀತಿ, ಕಾಲಿಟ್ಟ ಜಾಗ, ಎಬ್ಬಿಸುವ ಮುನ್ನ ಹೇಳಿದ ಮಾತು ಎಲ್ಲಕ್ಕೂ ಅಂಕವಿದೆ. ಆದರೆ ಗಾಲಿಯ ಬ್ರೇಕ್ ಹಾಕಲು ಮರೆತರೆ ಉಳಿದೆಲ್ಲ ಚೆನ್ನಾಗಿದ್ದರೂ ಫೇಲು ಎನ್ನುವುದು ರೂಢಿ. ಮುಂದಿನ ಹಂತದಲ್ಲಿ ಅಧ್ಯಾಪಕರು ಸನ್ನಿವೇಶವನ್ನೇ ಬದಲಿಸುತ್ತಾರೆ. ಮಂಡಿಯ ಕೀಲು ಬದಲಿಸಿಕೊಂಡ ರೋಗಿಯನ್ನು ಹಜಾರದುದ್ದಕ್ಕೂ ನಡೆಸಬೇಕು ಎಂದು ಯೋಜನೆಯಲ್ಲಿದೆ, ಆದರೆ ಮೀನಖಂಡ ಊದಿದೆ, ಮುಟ್ಟಿದರೆ ಬಿಸಿ, ಒತ್ತಿದರೆ ನೋವು. ರಕ್ತನಾಳದಲ್ಲಿ ಹೆಪ್ಪುಗಟ್ಟಿದೆ ಎಂದು ತೀರ್ಪು ಕೊಡುವುದು ಪಿಟಿಎ ಕೆಲಸವಲ್ಲ. ಹಾಗಿರಬಹುದು ಎಂಬ ಅನುಮಾನ ಬಂದು, ನಡಿಗೆ ನಿಲ್ಲಿಸಿ, ಕಂಡದ್ದನ್ನು ಕಂಡಂತೆ ಕೂಡಲೇ ತಿಳಿಸುವುದು ಕೆಲಸ. ಇನ್ನೊಬ್ಬ ರೋಗಿ ಎದ್ದು ನಿಂತೊಡನೆ ತಲೆ ತಿರುಗುತ್ತದೆ ಎನ್ನುತ್ತಾನೆ, ಮೇಲಿನ ರಕ್ತದೊತ್ತಡ 20 ಅಂಕ ಇಳಿದಿದೆ. ಕೂರಿಸಿ, ಮತ್ತೆ ಅಳೆದು, ವೈದ್ಯಕೀಯ ತಂಡಕ್ಕೆ ತಿಳಿಸಬೇಕು. ಮೂರನೆಯವನಿಗೆ ವ್ಯಾಯಾಮ ತೀರ ಸುಲಭವಾಗಿದೆ. ಯೋಜನೆಯ ಗುರಿಯೊಳಗೇ ಇದ್ದರೆ ತೂಕ ಏರಿಸಲು ಯಾರನ್ನೂ ಕೇಳಬೇಕಿಲ್ಲ. ಮೂರೂ ಸಂದರ್ಭಗಳಲ್ಲಿ ಕೈಚಳಕ ಒಂದೇ, ತೀರ್ಮಾನ ಬೇರೆ ಬೇರೆ. ಹೊಸ ಪದವೀಧರರಿಗೆ ಇರಬೇಕಾದ ಕನಿಷ್ಠ ಕೌಶಲಗಳ ಬಗ್ಗೆ ಎಪಿಟಿಎ ಹೊರತಂದ ದಾಖಲೆಯೂ ಇಂಥ ಕವಲುಗಳ ನಕ್ಷೆಯೊಂದನ್ನು ಬರೆದು ತೋರಿಸುತ್ತದೆ.

ಆಸ್ಪತ್ರೆಗೆ ಕಳಿಸಿದ ಮೇಲೆ ವಿದ್ಯಾರ್ಥಿಯನ್ನು ಅಳೆಯುವ ಕ್ರಮವೂ ಇದಕ್ಕೆ ಸಾಕ್ಷಿ. ಅಲ್ಲಿನ ಮೌಲ್ಯಮಾಪನ ಸಾಧನದಲ್ಲಿ ಮುಖ್ಯ ಅಳತೆಗೋಲು ಎಷ್ಟು ಬಗೆಯ ಚಿಕಿತ್ಸೆ ಬರುತ್ತದೆ ಎಂಬುದಲ್ಲ, ಎಷ್ಟು ಮೇಲ್ವಿಚಾರಣೆ ಬೇಕಾಗುತ್ತದೆ ಎಂಬುದು. ಆರಂಭದಲ್ಲಿ ಇಡೀ ಹೊತ್ತು ಪಕ್ಕದಲ್ಲೊಬ್ಬರು ನಿಂತಿರಬೇಕು. ಓದು ಮುಗಿಯುವಾಗ ಸರಳ ರೋಗಿಗಳನ್ನೂ ಜಟಿಲ ರೋಗಿಗಳನ್ನೂ ಥೆರಪಿಸ್ಟರ ದೂರದ ನಿಗಾದಲ್ಲಿ ಸುರಕ್ಷಿತವಾಗಿ ನೋಡಿಕೊಳ್ಳುವಂತಿರಬೇಕು. ಕೊನೆಗೆ ರಾಷ್ಟ್ರಮಟ್ಟದ ಪರೀಕ್ಷೆ: ನಾಲ್ಕು ಗಂಟೆ, 180 ಪ್ರಶ್ನೆ, 200ರಿಂದ 800ರ ಅಳತೆಯಲ್ಲಿ 600 ಬಂದರೆ ಪಾಸು. ಜೀವಮಾನದಲ್ಲಿ ಆರು ಸಲ ಮಾತ್ರ ಬರೆಯಬಹುದು.

ಎರಡು ವರ್ಷ ಸಾಲದು ಎಂಬ ಆಕ್ಷೇಪಣೆಗೆ ತೂಕವಿದೆ. ಹೃದಯ, ನರ, ಮೂಳೆ ಎಲ್ಲವನ್ನೂ ಈ ಅವಧಿಯಲ್ಲಿ ಆಳವಾಗಿ ಕಲಿಸಲಾಗದು ಎಂಬುದು ನಿಜ. ಆದರೆ ಸಾಲದು ಎನ್ನುವುದು ಯಾವುದಕ್ಕೆ ಎಂಬುದನ್ನೂ ನೋಡಬೇಕು. ರೋಗನಿರ್ಣಯಕ್ಕೆ ಬೇಕಾದ ಅಗಲವಾದ ಓದನ್ನು ಇಲ್ಲಿ ಉದ್ದೇಶಪೂರ್ವಕವಾಗಿಯೇ ಬಿಟ್ಟಿದೆ. ಅಪಾಯದ ಸೂಚನೆಯನ್ನು ಗುರುತಿಸುವ ಓದು ಮಾತ್ರ ಯಾವ ಕಾರಣಕ್ಕೂ ತೆಳುವಾಗಬಾರದು. ಹಾಗಾಗಿ ಕೋರ್ಸನ್ನು ಉದ್ದ ಮಾಡುವುದಕ್ಕಿಂತ ಆಸ್ಪತ್ರೆಯ ಗಂಟೆಗಳನ್ನೂ ಅಲ್ಲಿ ಕಲಿಸುವವರ ಗುಣಮಟ್ಟವನ್ನೂ ಕಾಯ್ದುಕೊಳ್ಳುವುದು ಹೆಚ್ಚು ಮುಖ್ಯ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪಣೆ ಹಣದ್ದು. ಸಹಾಯಕರೆಂದರೆ ಕ್ಲಿನಿಕ್ ಮಾಲೀಕರಿಗೆ ಅಗ್ಗದ ಕೈ, ತರಬೇತಿಯ ಮಾತೆಲ್ಲ ಮೇಲುಹೊದಿಕೆ ಎಂಬ ವಾದವದು. 2006ರಲ್ಲಿ ಲಿಂಡಾ ರೆಸ್ನಿಕ್ ಮತ್ತು ಸಂಗಡಿಗರು ಹೊರರೋಗಿ ಕ್ಲಿನಿಕ್‌ಗಳ ದಾಖಲೆಗಳನ್ನು ಪರಿಶೀಲಿಸಿದಾಗ, ಚಿಕಿತ್ಸೆಯ ಹೆಚ್ಚಿನ ಪಾಲು ಪಿಟಿಎಗಳ ಕೈಯಲ್ಲಿದ್ದ ರೋಗಿಗಳಿಗೆ ಹೆಚ್ಚು ಭೇಟಿಗಳು ಬೇಕಾದದ್ದೂ ಕೊನೆಯಲ್ಲಿ ಅವರ ಚೇತರಿಕೆ ಕಡಿಮೆಯಿದ್ದದ್ದೂ ಕಂಡಿತು. ಇದನ್ನು ತಳ್ಳಿಹಾಕುವಂತಿಲ್ಲ. ಆದರೆ ಇಂಥ ಅಧ್ಯಯನ ತೋರಿಸುವುದು ಎರಡು ಸಂಗತಿಗಳ ಒಡನಾಟವನ್ನೇ ಹೊರತು ಕಾರಣವನ್ನಲ್ಲ. ಜತೆಗೆ ಅದು ಬೊಟ್ಟು ಮಾಡುವುದು ಹಂಚಿಕೆಯ ಪ್ರಮಾಣದ ಕಡೆಗೆ. ಥೆರಪಿಸ್ಟ್ ಮತ್ತೆ ಮತ್ತೆ ಬಂದು ನೋಡದೆ ಯೋಜನೆ ಹಳತಾದರೆ, ಅದನ್ನು ಚಾಚೂ ತಪ್ಪದೆ ನಡೆಸಿದ ಸಹಾಯಕರಿಂದಲೂ ರೋಗಿಗೆ ಲಾಭವಾಗದು. ಮೇಲ್ವಿಚಾರಣೆ ಮಾಡುವುದನ್ನು ಥೆರಪಿಸ್ಟರಿಗೂ ಕಲಿಸಬೇಕು ಎಂಬುದು ಇದರಿಂದ ಹೊರಡುವ ಪಾಠ. ಥೆರಪಿಸ್ಟರ ಡಾಕ್ಟರೇಟ್ ಪಠ್ಯಗಳಲ್ಲಿ ಅದಕ್ಕೆ ಸಿಗುವ ಜಾಗ ಇನ್ನಷ್ಟು ಹಿಗ್ಗಬೇಕು. ಸರ್ಕಾರ ಹಿಡಿದ ದಾರಿ ಬೇರೆ: 2022ರಿಂದ ಪಿಟಿಎ ಕೊಟ್ಟ ಹೊರರೋಗಿ ಸೇವೆಗೆ ಮೆಡಿಕೇರ್ ತೆರುವುದು ಮಾಮೂಲಿ ದರದ ಶೇಕಡ 85 ಮಾತ್ರ. ದರ ಇಳಿಸಿದರೆ ಅಗ್ಗದ ಕೈಯ ಆಮಿಷ ತಗ್ಗೀತು, ನಿಜ. ಆದರೆ ಮೇಲ್ವಿಚಾರಣೆ ಗಟ್ಟಿಯಾಗುವುದಕ್ಕೆ ಅದರಲ್ಲಿ ಏನೂ ಇಲ್ಲ. 2025ರಲ್ಲಂತೂ ಖಾಸಗಿ ಕ್ಲಿನಿಕ್‌ಗಳಲ್ಲಿ ಥೆರಪಿಸ್ಟ್ ಅಲ್ಲೇ ಇರಬೇಕೆಂಬ ಮೆಡಿಕೇರ್ ನಿಯಮವನ್ನು ಸಡಿಲಿಸಿ, ಕರೆದರೆ ಸಿಗುವಂತಿದ್ದರೆ ಸಾಕು ಎಂದಾಗಿದೆ. ಒಂಟಿಯಾಗಿ ನಿಂತಾಗ ನಿಲ್ಲಿಸಬೇಕಾದದ್ದನ್ನು ನಿಲ್ಲಿಸುವ ವಿವೇಚನೆಯ ಮೇಲೆ ಈಗ ಮೊದಲಿಗಿಂತ ಹೆಚ್ಚು ಭಾರ ಬಿದ್ದಿದೆ.

ಭಾರತದಲ್ಲಿ ಪಿಟಿಎಗೆ ಸರಿಸಾಟಿಯಾದ ಲೈಸೆನ್ಸ್ ಹುದ್ದೆಯಿಲ್ಲ. ಕರ್ನಾಟಕದ ಆಸ್ಪತ್ರೆಗಳಲ್ಲಿ ರೋಗಿಯನ್ನು ಪರೀಕ್ಷಿಸುವವರೂ ವ್ಯಾಯಾಮ ಮಾಡಿಸುವವರೂ ಸಾಮಾನ್ಯವಾಗಿ ಒಬ್ಬರೇ, ಬಿಪಿಟಿ ಪದವಿ ಮುಗಿಸಿದ ಫಿಸಿಯೋಥೆರಪಿಸ್ಟರು. ಎತ್ತಿ ಕೂರಿಸಲು ವಾರ್ಡಿನ ಅಟೆಂಡರ್ ನೆರವಾಗುತ್ತಾರೆ, ಅಷ್ಟೆ.

ಅಮೆರಿಕದ ಮಟ್ಟಿಗೆ ಉಳಿದದ್ದು ಪಿಟಿಎಗಳು ಥೆರಪಿಸ್ಟರಾಗಿ ಮೇಲೇರುವ ದಾರಿಯ ಪ್ರಶ್ನೆ. ಥೆರಪಿಸ್ಟರ ಪ್ರವೇಶ ಪದವಿ 2016ರಿಂದ ಡಾಕ್ಟರೇಟ್ ಆಗಿದೆ, ಅಂದರೆ ಪಿಯುಸಿ ಮಟ್ಟದ ನಂತರ ಏಳು ವರ್ಷದಷ್ಟು ಓದು. ಸಹಾಯಕರ ಪದವಿ ಇದ್ದಲ್ಲೇ ಇರುವುದರಿಂದ ನಡುವಿನ ಕಂದಕ ಅಗಲವಾಗಿದೆ. ಪಿಟಿಎಗಳು ಇದನ್ನು ಅನ್ಯಾಯವೆನ್ನುತ್ತಾರೆ, ಆ ಅಸಮಾಧಾನಕ್ಕೆ ಕಾರಣವಿದೆ: ಹತ್ತಾರು ವರ್ಷ ರೋಗಿಗಳನ್ನು ನಡೆಸಿದವರೂ ಹೆಚ್ಚಿನ ವಿಶ್ವವಿದ್ಯಾಲಯಗಳಲ್ಲಿ ಬೇರೆ ಪದವಿ ಮುಗಿಸಿ ಮೊದಲಿನಿಂದ ಡಾಕ್ಟರೇಟ್‌ಗೆ ಅರ್ಜಿ ಹಾಕಬೇಕು. ಆದರೂ ಪಿಟಿಎ ಓದು ಥೆರಪಿಸ್ಟ್ ಓದಿನ ಮೊದಲರ್ಧವೇ ಆಗಿದ್ದರೆ ಎರಡನೆಯ ಅರ್ಧವನ್ನು ಕೂಡಿಸುವುದು ಇಷ್ಟು ಕಷ್ಟವಾಗುತ್ತಿರಲಿಲ್ಲ. ರೋಗನಿರ್ಣಯದ ಓದು ಇಲ್ಲಿ ಆರಂಭವೇ ಆಗಿರುವುದಿಲ್ಲ, ಅನುಭವ ಅದಕ್ಕೆ ಬದಲಿಯೂ ಅಲ್ಲ. ಒಹಾಯೊದ ಫಿಂಡ್ಲೇ ವಿಶ್ವವಿದ್ಯಾಲಯ ದುಡಿಯುವ ಪಿಟಿಎಗಳಿಗಾಗಿ ವಾರಾಂತ್ಯದ ತರಗತಿಗಳ ಮೂಲಕ ಸೇತುವೆ ಕೋರ್ಸ್ ನಡೆಸಿಕೊಂಡು ಬಂದಿದೆ. ಅಲ್ಲಿಯೂ ಕೈಗೆ ಸಿಗುವುದು ಪೂರ್ತಿ ಡಾಕ್ಟರೇಟ್ ಓದೇ, ವೇಳಾಪಟ್ಟಿ ಮಾತ್ರ ಬೇರೆ. ಇಂಥ ಕೋರ್ಸುಗಳು ಇಡೀ ದೇಶದಲ್ಲಿ ಬೆರಳೆಣಿಕೆಯಷ್ಟು.